ಗೆರೆಯಕ್ಕನ ಔಟು

ದರ್ಜಿ ಅಂಗಡಿಯವಳಿಗೆ ಗೆರೆಯಕ್ಕ ಎಂದು ಮೊದಲು ಕರೆದವರು ಯಾರೋ, ಈಗ ಅವಳ ಸ್ವಂತ ಹೆಸರು ಕರೆಂಟು ಬಿಲ್ಲಿನ ಮೇಲೆ ಮಾತ್ರ ಉಳಿದಿದೆ. ವರ್ಷಕ್ಕೆ ಮುನ್ನೂರ ಅರವತ್ತು ದಿನ ಅವಳು ಶಾಲಾಮಕ್ಕಳ ಯೂನಿಫಾರಂ ಹೊಲಿಯುತ್ತಾಳೆ. ಉಳಿದ ಐದು ದಿನ ಕಾಲೇಜಿನ ಟೆನಿಸ್ ಕೋರ್ಟಿನಲ್ಲಿ, ಹಿಂದಿನ ಗೆರೆಯ ತುದಿಗೆ ಕುರ್ಚಿ ಹಾಕಿಕೊಂಡು ಕೂತು, ಚೆಂಡು ಗೆರೆ ದಾಟಿ ಬಿದ್ದರೆ "ಔಟ್!" ಎಂದು ಕೂಗುತ್ತಾಳೆ. ಕೂಗಿದರೆ ಮೂರು ಬೀದಿ ಆಚೆ ಮಲಗಿದ ಕೂಸೂ ಎದ್ದು ಕೂರಬೇಕು.

ಈ ಕೆಲಸ ಅವಳು ಕೇಳಿ ಪಡೆದದ್ದಲ್ಲ. ಇಪ್ಪತ್ತೇಳು ವರ್ಷದ ಹಿಂದೆ ಫೈನಲ್ ದಿನ ಬೆಳಿಗ್ಗೆ ನೆಟ್ಟು ಹರಿದುಹೋಗಿ, ಕಾಲೇಜಿನ ಡ್ರಿಲ್ ಮೇಷ್ಟ್ರು ಉಟ್ಟ ಬಟ್ಟೆಯಲ್ಲಿ ಅವಳ ಅಂಗಡಿಗೆ ಓಡಿ ಬಂದಿದ್ದರು. ಅವಳು ದಬ್ಬಣ ದಾರ ಹಿಡಿದು ಹೋಗಿ ಹೊಲಿದುಕೊಟ್ಟು, ಬಿಸಿಲಿಗೆ ಸುಸ್ತಾಗಿ ಅಲ್ಲೇ ಗೆರೆಯ ಪಕ್ಕ ನೆಲದ ಮೇಲೆ ಕೂತಳು. ಆಟ ಶುರುವಾಗಿ ಒಂದು ಚೆಂಡು ಬಿತ್ತು, ಗೆರೆ ಕಾಯುವವನು ಒಳಗೆ ಎಂದು ಕೈ ತೋರಿಸಿದ. "ಎಲ್ರೀ ಒಳಗೆ? ಅರ್ಧ ಇಂಚು ಆಚೆ ಬಿದ್ದಿದೆ. ಕಣ್ಣೇನು ಮನೇಲಿಟ್ಟು ಬಂದಿದೀರಾ?" ಎಂದು ಇವಳು ಕೂತಲ್ಲಿಂದಲೇ ಗದರಿದಳು. ಮೇಷ್ಟ್ರು ಅವಳ ಕೊರಳಿನ ಟೇಪನ್ನೇ ಇಸಿದುಕೊಂಡು ಬಗ್ಗಿ ಅಳೆದರು. ಅರ್ಧ ಇಂಚು, ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ. ಮರುವರ್ಷದಿಂದ ಆ ಕುರ್ಚಿ ಅವಳದಾಯಿತು.

ಆ ಟೂರ್ನಮೆಂಟಿಗೆ ಈ ಸಲ ನಲವತ್ತೊಂದು ವರ್ಷ. ಹೆಸರಿಗೆ ಕಾಲೇಜಿನದು, ಹೊತ್ತು ನಡೆಸುವುದು ಬೀದಿಯವರು. ಬೇರೆ ಕಾಲೇಜುಗಳಿಂದ ಬರುವ ಆಟಗಾರರನ್ನು ಮನೆಗೊಬ್ಬರಂತೆ ಹಂಚಿಕೊಂಡು ಇಟ್ಟುಕೊಳ್ಳುತ್ತಾರೆ. ಕೋರ್ಟಿನ ಮಣ್ಣು ಹದ ಮಾಡಿ ರೋಲರ್ ಎಳೆಯುವವರು ಬಡಗಿಗಳು, ಗೆರೆ ಕಾಯುವವರು ಕ್ಷೌರದಂಗಡಿಯವನು, ಪೋಸ್ಟ್‌ಮ್ಯಾನ್, ದರ್ಜಿ. ಇಷ್ಟೆಲ್ಲ ಮೈ ಮುರಿದು ದುಡಿದರೂ ನಲವತ್ತು ವರ್ಷದಲ್ಲಿ ಒಮ್ಮೆಯೂ ಟ್ರೋಫಿ ಊರ ಕಾಲೇಜಿಗೆ ದಕ್ಕಿರಲಿಲ್ಲ. "ಅಡುಗೆ ನಮ್ದು, ಊಟ ಅವರದ್ದು" ಎಂದು ಗೆರೆಯಕ್ಕನ ತಮ್ಮ, ಹಾರ್ಡ್‌ವೇರ್ ಅಂಗಡಿಯವನು, ಪ್ರತಿ ವರ್ಷ ಗೊಣಗುತ್ತಿದ್ದ.

ಈ ವರ್ಷ ಅವಳ ಪಾಲಿಗೆ ಬಂದವನು ಆರಡಿ ಮೂರಂಗುಲದ ಹುಡುಗ. ಮೊದಲ ದಿನವೇ ಬಾಗಿಲಿನ ಚೌಕಟ್ಟಿಗೆ ಮೂರು ಸಲ ತಲೆ ಚಚ್ಚಿಕೊಂಡ. ಗೆರೆಯಕ್ಕ ಅವನಿಗೆ ಏಣಿ ಎಂದು ಹೆಸರಿಟ್ಟಳು. ಮಾತು ಕಡಿಮೆ, ಉಂಡ ತಟ್ಟೆ ತಾನೇ ತೊಳೆದಿಡುವ ಪೈಕಿ. ಅವನ ಚಡ್ಡಿಯ ಅಂಚು ಬಿಚ್ಚಿ ಉದ್ದ ಮಾಡಿಕೊಡುತ್ತ ಅವಳು ಮನಸಾರೆ ಬೈದಳು. ಬೈಗುಳವೇ ಅವಳ ಉಪಚಾರ ಎಂಬುದು ಅವನಿಗೆ ಎರಡೇ ದಿನದಲ್ಲಿ ತಿಳಿಯಿತು.

ಏಣಿ ಫೈನಲ್ಲಿಗೆ ಬಂದ. ಎದುರಾಳಿ ಊರ ಕಾಲೇಜಿನವನು, ಅದೇ ಬೀದಿಯ ಹಿಟ್ಟಿನ ಗಿರಣಿಯವರ ಮಗ.

"ನೋಡಪ್ಪ," ಎಂದಳು ಗೆರೆಯಕ್ಕ ಆ ದಿನ ಬೆಳಿಗ್ಗೆ ತಿಂಡಿ ಬಡಿಸುತ್ತ, "ಕುರ್ಚಿ ಮೇಲೆ ಕೂತ್ಮೇಲೆ ನೀನೂ ಅಷ್ಟೆ, ಅವನೂ ಅಷ್ಟೆ. ಆಮೇಲೆ ಮುಖ ಊದಿಸ್ಕೋಬೇಡ."

"ಗೊತ್ತಮ್ಮ. ಆ ಮೂಲೇಲಿ ಕೂತಿರೋರ ಹತ್ರ ಜಗಳಕ್ಕೆ ಹೋಗ್ಬೇಡ, ಅವ್ರು ಹೇಳಿದ್ರೆ ಮುಗೀತು ಅಂತ ನಮ್ ಸೀನಿಯರ್ಸ್ ಹೇಳೇ ಕಳ್ಸಿದ್ದಾರೆ."

"ಸಾಕು, ಸುಮ್ನೆ ತಿನ್ನು," ಎಂದು ಅವಳು ಒಳಗೆ ಹೋದಳು. ಅವಳಿಗೆ ಆದ ಹೆಮ್ಮೆ ಅಷ್ಟಿಷ್ಟಲ್ಲ. ಗಂಡ ಹೋಗಿ, ಮಕ್ಕಳಿಲ್ಲದೆ, ತನ್ನ ಕಾಲ ಮೇಲೆ ನಿಂತು ಬದುಕಿದ ಹೆಂಗಸಿಗೆ ಆ ಒಂದು ಮಾತೇ ಆಸ್ತಿಯಾಗಿತ್ತು.

ಫೈನಲ್ಲು ಮೂರನೇ ಸೆಟ್ಟಿಗೆ ಹೋಯಿತು. ಅಂಗಡಿಗಳೆಲ್ಲ ಮುಚ್ಚಿ ಬೀದಿಗೆ ಬೀದಿಯೇ ಬೇಲಿಯ ಸುತ್ತ ಮುತ್ತಿಕೊಂಡಿತ್ತು. ಏಣಿ ಐದು ನಾಲ್ಕರಲ್ಲಿ ಮುಂದಿದ್ದ. ಇನ್ನೊಂದೇ ಪಾಯಿಂಟು, ಪಂದ್ಯ ಅವನದು. ಗಿರಣಿಯವರ ಮಗ ಜೀವ ಬಿಟ್ಟು ಹೊಡೆದ ಚೆಂಡು ಗೆರೆಯಕ್ಕನ ಕಡೆ ಹಾರಿ ಬಂದು, ಗೆರೆಯಿಂದ ಎರಡು ಬೆರಳು ಆಚೆ ಬಿತ್ತು.

"ಔಟ್!"

ಅದು ಮಣ್ಣಿನ ಕೋರ್ಟು, ಚೆಂಡು ಬಿದ್ದಲ್ಲಿ ಗುರುತು ಉಳಿಯುತ್ತದೆ. ತಕರಾರಿದ್ದರೆ ಅಂಪೈರ್ ಇಳಿದು ಬಂದು ಗುರುತು ನೋಡಬೇಕು. ಅಲ್ಲಿಯ ತನಕ ಯಾರೂ ಮುಟ್ಟುವಂತಿಲ್ಲ. ಆಟಗಾರನೇ ಅಳಿಸಿದನೋ, ಪಾಯಿಂಟು ಅವನ ಕೈಬಿಟ್ಟಂತೆ. "ಮೊದ್ಲು ಗುರುತಿನ ಪಕ್ಕ ಹೋಗಿ ನಿಲ್ಲು, ಮಿಕ್ಕಿದ್ದು ಆಮೇಲೆ" ಎಂದು ಮೇಷ್ಟ್ರು ಬದುಕಿದ್ದಾಗ ನೂರು ಸಲ ಹೇಳಿದ್ದರು. ಅವತ್ತು ಗೆರೆಯಕ್ಕ ಕುರ್ಚಿಯಿಂದ ಏಳಲಿಲ್ಲ. ನಮ್ಮ ಬೀದಿಯ ಹುಡುಗ, ಹುಟ್ಟಿದಾಗಿನಿಂದ ನನ್ನ ಕೈಯಲ್ಲೇ ಅಂಗಿ ಹೊಲಿಸಿಕೊಂಡವನು, ಏನು ಮಾಡಿಯಾನು ಎಂದು ಕೂತೇ ಬೆರಳು ತೋರಿಸಿದಳು. ಅವಳು ಮಾಡಿದ ತಪ್ಪು ಇದೊಂದೇ.

ಹುಡುಗ ನೆಟ್ಟಿನ ಈಚೆ ಓಡಿ ಬಂದು "ಎಲ್ಲಿದೆ? ಎಲ್ಲಿ?" ಎನ್ನುತ್ತ ಬೂಟಿನಿಂದ ಗುರುತನ್ನು ಸವರಿಬಿಟ್ಟ. ಹಾಡಹಗಲು, ಆರುನೂರು ಜನರ ಎದುರು!

ಅಂಪೈರ್ ಆಗಿ ಎತ್ತರದ ಕುರ್ಚಿಯಲ್ಲಿ ಕೂತಿದ್ದವನು ಕಾಲೇಜಿನ ಲೆಕ್ಚರರ್. ಅವನಿಗೆ ನಿಯಮ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಪುಸ್ತಕ ತೊಡೆಯ ಮೇಲೇ ಇತ್ತು. ಅವನು ಪುಸ್ತಕ ತೆರೆಯಲಿಲ್ಲ. ಬೇಲಿಯಾಚೆಯ ಜನರನ್ನು ನೋಡಿದ, ಟೂರ್ನಮೆಂಟ್ ಸಮಿತಿಯ ಕಾರ್ಯದರ್ಶಿಯ ಮುಖ ನೋಡಿದ, ಗಂಟಲು ಸರಿಮಾಡಿಕೊಂಡು, "ಚೆಂಡು ಒಳಗೆ," ಎಂದ.

ಬೀದಿ ಭೋರ್ಗರೆಯಿತು. ಗೆರೆಯಕ್ಕನ ಮೈಯೆಲ್ಲ ಉರಿದುಹೋಯಿತು. ಎದ್ದು ಸೀದಾ ಲೆಕ್ಚರರ್ ಕುರ್ಚಿಯ ಕೆಳಗೆ ಹೋಗಿ ನಿಂತಳು. "ಇಳಿಯಯ್ಯಾ ಕೆಳಗೆ! ಅಷ್ಟೆತ್ತರ ಕೂರಿಸಿದ್ದು ಕಣ್ಣಿಗೆ ಕಾಣಲಿ ಅಂತ. ಕಾಣಲ್ಲ ಅಂದ್ರೆ ಹತ್ತಿದ್ದು ಯಾಕೆ?"

ಔಷಧಿ ಅಂಗಡಿ ಇಟ್ಟಿದ್ದ ಕಾರ್ಯದರ್ಶಿ ನಗುನಗುತ್ತ ಬಂದ. ಆ ನಗು ನೋಡಿದರೇ ಕೆನ್ನೆಗೆ ಬಾರಿಸಬೇಕು ಅನ್ನಿಸುತ್ತಿತ್ತು. "ಹೋಗ್ಲಿ ಬಿಡಿ ಅಕ್ಕಾ. ನಿಮ್ಮನೇಲಿ ಉಂಡ ಹುಡುಗ, ಸ್ವಲ್ಪ ಮೋಹ ಇರತ್ತೆ. ಯಾರೂ ತಪ್ಪು ತಿಳ್ಕೊಳಲ್ಲ."

"ಮೋಹವಾ? ಹೋದ ವರ್ಷ ನಮ್ಮನೇಲಿದ್ದವನು ನನ್ನ ಔಟಿಗೇ ಸೋತು ಹೋದ. ಆಗೆಲ್ಲಿತ್ತು ಮೋಹ? ಮಾತ್ರೆ ಮಾರೋ ಬಾಯಲ್ಲಿ ಇದೇನು ವಿಷ ಕಕ್ತಿದೀಯಾ?"

ಬೇಲಿಯ ಹಿಂದಿನಿಂದ ಒಡಹುಟ್ಟಿದ ತಮ್ಮನೇ ಕೂಗಿದ: "ಕೂತ್ಕೊಳ್ಳೇ ಅಕ್ಕಾ! ನಲವತ್ತು ವರ್ಷ ಆಯ್ತು, ಹಾಲಿಗೆ ಹುಳಿ ಹಿಂಡ್ಬೇಡ!"

ಅವಳು ತಿರುಗಿ ನೋಡಿದಳು. ಅವನ ಜೊತೆ ಪೋಸ್ಟ್‌ಮ್ಯಾನ್ ಹೆಂಡತಿ, ಬಡಗಿಗಳು, ಅವಳಿಂದಲೇ ಹೊಲಿಗೆ ಕಲಿತ ಹುಡುಗಿಯರು. ಒಬ್ಬರಾದರೂ ಕಣ್ಣು ತಗ್ಗಿಸಲಿ! ಕುರ್ಚಿ ಎತ್ತಿಕೊಂಡು ಮನೆಗೆ ಹೋಗಿಬಿಡೋಣ ಎಂದು ಒಂದು ಗಳಿಗೆ ಅನ್ನಿಸಿತು. ಹೋದರೆ ಆ ಗೆರೆಗೆ ಕಾರ್ಯದರ್ಶಿಯ ಬಾಲಂಗೋಚಿ ಬಂದು ಕೂರುತ್ತಾನೆ ಎಂದು ಹೊಳೆದು, ಹಲ್ಲು ಕಚ್ಚಿ ಮತ್ತೆ ಕೂತಳು. ಏಣಿ ದೂರದಿಂದ ಅವಳಿಗೆ ತಲೆಬಾಗಿಸಿದ. ಅವಳನ್ನು ನಂಬಿದವನು ಅಲ್ಲಿ ಅವನೊಬ್ಬನೇ ಇದ್ದ.

ಏಣಿಯ ಕೈ ಆಮೇಲೆ ಹತೋಟಿಗೆ ಬರಲಿಲ್ಲ. ಐದು ಐದಾಯಿತು, ಗಿರಣಿಯವರ ಮಗ ಆರು ಐದಕ್ಕೆ ಏರಿದ. ಬದಿ ಬದಲಾಗಿ ಈಗ ಏಣಿ ಆಚೆ ಕಡೆ, ಅವನು ಹೊಡೆದ ಚೆಂಡುಗಳು ಗೆರೆಯಕ್ಕನ ಕಡೆ ಬರತೊಡಗಿದವು. ಆಡುತ್ತ ಆಡುತ್ತ ಗಿರಣಿಯವರ ಮಗನಿಗೆ ಗೆಲ್ಲಲು ಇನ್ನೊಂದೇ ಪಾಯಿಂಟು ಉಳಿಯಿತು. ಉದ್ದದ ಆಟ, ಹದಿನೈದು ಇಪ್ಪತ್ತು ಹೊಡೆತ. ಕೊನೆಗೆ ಏಣಿ ತೋಳಿನ ಬಲವೆಲ್ಲ ಹಾಕಿ ಬಾರಿಸಿದ. ಚೆಂಡು ಗೆರೆಯತ್ತ ಬಂತು, ಬಿತ್ತು.

ಒಂದು ಬೆರಳು ಆಚೆ.

ಅವಳು ಕಂಡಳು. ಕಾಣಬಾರದಿತ್ತು ಎಂದುಕೊಂಡಳು. ಸುಮ್ಮನಿದ್ದರೆ ಸಾಕಿತ್ತು, ಬಾಯಿ ಬಿಡದಿದ್ದರೆ ಚೆಂಡು ಒಳಗೆ ಎಂದೇ ಲೆಕ್ಕ. ಕದ್ದವರಿಂದ ಕಿತ್ತು ಕೊಟ್ಟಂತಾಗುತ್ತಿತ್ತು, ಅವರಿಗೆ ಬುದ್ಧಿ ಕಲಿಸಿದಂತೆಯೂ ಆಗುತ್ತಿತ್ತು. ಮೈಯಲ್ಲಿದ್ದ ಸಿಟ್ಟೆಲ್ಲ ಸೇರಿ ಅವಳ ಬಾಯಿ ಮುಚ್ಚಲು ನೋಡಿತು. ಆದರೆ ಚೆಂಡು ಆಚೆ ಬಿದ್ದಿತ್ತು.

"ಔಟ್!" ಎಂದು ಕೂಗಿದಳು. ಕೂಗಿದ್ದೇ ಓಡಿ ಹೋಗಿ ಗುರುತಿನ ಪಕ್ಕ ಕಾಲೂರಿ, ಎರಡೂ ಕೈ ಅಗಲಿಸಿ ನಿಂತು, "ಏಣೀ! ಬಾ ಇಲ್ಲಿ, ನೋಡು ಬಾ! ಯಾರೂ ಹತ್ರ ಬರಬೇಡ್ರೋ!" ಎಂದು ಅರಚಿದಳು.

ಕೇಳುವವರಾರು? ಬೇಲಿಯ ಬಾಗಿಲು ತೆರೆದು ಬೀದಿ ಒಳಗೆ ನುಗ್ಗಿತು. "ಗೆರೆಯಕ್ಕ ಗೆಲ್ಲಿಸಿಬಿಟ್ಲು!" ಎನ್ನುತ್ತ ಬಡಗಿಗಳು ಅವಳನ್ನು ಅನಾಮತ್ತಾಗಿ ಹೆಗಲಿಗೆ ಎತ್ತಿಕೊಂಡರು. ಅವಳು ಅವರ ತಲೆಗೆ ಗುದ್ದಿದಳು, ಕೂದಲು ಹಿಡಿದು ಜಗ್ಗಿದಳು, "ಇಳಿಸ್ರೋ ಪಾಪಿಗಳಾ, ತುಳೀಬೇಡ್ರೋ!" ಎಂದು ಬಡಕೊಂಡಳು. ಸಂತೋಷ ತಡೆಯಲಾರದೆ ಹಾಗಾಡುತ್ತಿದ್ದಾಳೆಂದು ಅವರು ಇನ್ನೂ ಕುಣಿದರು. ಕೆಳಗೆ ತಮ್ಮ ಕಣ್ಣೊರೆಸಿಕೊಳ್ಳುತ್ತಿದ್ದ. "ನಂಗೊತ್ತಿತ್ತು ಅಕ್ಕಾ, ಕೊನೇಲಿ ನೀನು ನಮ್ಮ ಕೈ ಬಿಡಲ್ಲ ಅಂತ."

ಅವಳು ಕೆಳಗಿಳಿಯುವ ಹೊತ್ತಿಗೆ ನೆಲದ ಮೇಲೆ ಗುರುತೂ ಇರಲಿಲ್ಲ, ಗೆರೆಯೂ ಇರಲಿಲ್ಲ. ಬರೀ ಚಪ್ಪಲಿ ತುಳಿತ.

ಮನೆಗೆ ಬಂದರೆ ಏಣಿ ಬ್ಯಾಗು ತುಂಬುತ್ತಿದ್ದ. ಗೆರೆಯಕ್ಕ ಏದುಸಿರು ಬಿಡುತ್ತ ಬಾಗಿಲಲ್ಲಿ ನಿಂತಳು.

"ಅದು ನಿಜವಾಗ್ಲೂ ಔಟು ಕಣೋ. ಒಂದು ಬೆರಳು. ನಿನಗೆ ತೋರಿಸ್ಬೇಕು ಅಂತಲೇ ನಿಂತಿದ್ದೆ."

"ಹೂಂ, ಅಮ್ಮ."

"ಹೂಂ ಅಂದ್ರೆ? ನಂಬಿದ್ಯೋ ಇಲ್ವೋ?"

ಅವನು ಮಡಚಿದ ಚಡ್ಡಿಯನ್ನೇ ಬಿಚ್ಚಿ ಇನ್ನೊಮ್ಮೆ ಮಡಚಿದ. "ಇರ್ಲಿ ಬಿಡಿ ಅಮ್ಮ. ನಾನು ಇವತ್ತು ಹೋಗೋನು. ನೀವು ಇವ್ರ ಮಧ್ಯನೇ ಬಾಳ್ಬೇಕಲ್ವಾ? ನಂಗೇನೂ ಬೇಜಾರಿಲ್ಲ."

ಕಾರ್ಯದರ್ಶಿಯ ನಗುವಾಗಲೀ ತಮ್ಮನ ಕಣ್ಣೀರಾಗಲೀ ಅವಳಿಗೆ ಇಷ್ಟು ನಾಟಿರಲಿಲ್ಲ. "ಬೇಜಾರಾಗೋ!" ಎಂದು ಕಿರುಚಿದಳು. "ಬೈಯಿ, ಜಗಳ ಆಡು! ನನ್ನ ಕ್ಷಮಿಸೋಕೆ ನೀನ್ಯಾರೋ? ನಾನು ತಪ್ಪು ಮಾಡಿದ್ರೆ ತಾನೆ ಕ್ಷಮಿಸೋದು!"

ಹುಡುಗ ಬೆದರಿ, "ತಪ್ಪಾಯ್ತಮ್ಮ," ಎಂದ. ಬ್ಯಾಗು ಹೆಗಲಿಗೇರಿಸಿ, ಬಾಗಿಲಲ್ಲಿ ನೆನಪಿಟ್ಟು ತಲೆ ಬಗ್ಗಿಸಿ, ಹೊರಟುಹೋದ. ಸುಳ್ಳು ಹೇಳಿದಳೆಂದು ಬೀದಿ ಅವಳನ್ನು ಮೆರೆಸಿತ್ತು, ಸುಳ್ಳು ಹೇಳಿದಳೆಂದೇ ಅವನು ಮನ್ನಿಸಿದ್ದ.

ಅವಳು ಮೆಟ್ಟಿಲಿಗೆ ಬಂದು, ಇಡೀ ಬೀದಿಗೆ ಕೇಳುವಂತೆ ಗಂಟಲು ಹರಿದುಕೊಂಡಳು: "ಅದು ಔಟಾಗಿತ್ತು ಕಣ್ರೋ! ನಿಜವಾಗ್ಲೂ ಔಟಾಗಿತ್ತು!"

"ಹೌದಕ್ಕಾ, ಔಟೇ!" ಎಂದು ಬೀದಿ ಒಂದೇ ದನಿಯಲ್ಲಿ ಕೂಗಿ ಘೊಳ್ಳೆಂದು ನಕ್ಕಿತು. ಎದುರಿನ ಕ್ಷೌರದಂಗಡಿಯವನು ಅವಳತ್ತ ನೋಡಿ ಕಣ್ಣು ಹೊಡೆದ.