ಆರ್ಮೆಲ್ ವಾತಿಯೆಯ ಹನ್ನೊಂದು ನಿಮಿಷ

ನಾರ್ಮಂಡಿಯ ನಮ್ಮೂರಿನ ಕಾರ್ಖಾನೆಯಲ್ಲಿ ಯಾವ ಕ್ಲಾರಿನೆಟ್ಟೂ ಆರ್ಮೆಲ್ ವಾತಿಯೆ ಊದಿ ನೋಡದೆ ಪೆಟ್ಟಿಗೆ ಸೇರುತ್ತಿರಲಿಲ್ಲ. ಹತ್ತೊಂಬತ್ತು ವರ್ಷ ಅವಳದು ಅದೇ ಕೆಲಸ. ಪಕ್ಕದ ಮೇಜಿನಲ್ಲಿ ಕೂತು, ತೂತು ಮುಚ್ಚುವ ಕೀಲಿಗಳಿಗೆ ಚರ್ಮದ ಮೆತ್ತೆ ಅಂಟಿಸುತ್ತಿದ್ದವಳು ನಾನು. ಊದಿ, ಕಣ್ಣು ಮುಚ್ಚಿ, "ಜೋಸೆಟ್, ಇದಕ್ಕೆ ನೆಗಡಿ ಕಣೇ" ಎಂದು ನನ್ನ ಕಡೆ ತಳ್ಳಿದಳೆಂದರೆ ಮೂರನೆಯ ಮೆತ್ತೆಯೋ ನಾಲ್ಕನೆಯದೋ ಸೋರುತ್ತಿದೆ ಎಂದೇ ಅರ್ಥ. ಒಮ್ಮೆಯೂ ತಪ್ಪಿದ್ದಿಲ್ಲ. ಆದರೆ ಅವಳು ಹಾಡೊಂದನ್ನು ಪೂರ್ತಿ ನುಡಿಸಿದ್ದನ್ನು ನಾವ್ಯಾರೂ ಕೇಳಿರಲಿಲ್ಲ.

ಒಂದು ವಸಂತದಲ್ಲಿ ಯಾನಿಸ್ ಬರ್ಕಾನ್ ಎಂಬ ತರುಣ ನಿರ್ದೇಶಕ ಕಾರ್ಖಾನೆಯ ಮೇಲೆ ಸಾಕ್ಷ್ಯಚಿತ್ರ ತೆಗೆಯಲು ಬಂದ. ಮೂರು ದಿನ ಕ್ಯಾಮೆರಾ ಹಿಡಿದು ನಮ್ಮ ನಡುವೆ ಸುಳಿದಾಡಿದವನು ನಾಲ್ಕನೆಯ ದಿನ ಆರ್ಮೆಲ್ ಮುಂದೆ ನಿಂತುಬಿಟ್ಟ.

"ಅದು ಯಾವ ರಾಗ ಮೇಡಂ? ಕೆಳಗಿಂದ ಮೂರು ಸ್ವರ, ಆಮೇಲೆ ಒಂದು ಉಸಿರು?"

"ರಾಗಾನೂ ಇಲ್ಲ, ಗೀಗಾನೂ ಇಲ್ಲ. ತೂತು ಸೋರ್ತಿದೆಯಾ ಅಂತ ನೋಡ್ತಿದೀನಿ."

"ಆ ಉಸಿರಿಗೆ ಯಾಕೆ ನಿಲ್ಲಿಸ್ತೀರಿ?"

"ಸ್ವರ ಹೋದ ಮೇಲೇನೇ ಗೊತ್ತಾಗೋದು, ಒಳಗೆ ಏನು ಉಳೀತು ಅಂತ."

ಚಿತ್ರ ತಯಾರಾದಾಗ ಅದರ ಸಂಗೀತವೆಂದರೆ ಆರ್ಮೆಲ್‌ಳ ಆ ಪರೀಕ್ಷೆಯೇ ಆಗಿತ್ತು, ಬೇರೇನೂ ಇರಲಿಲ್ಲ. ಮರುವರ್ಷ ಯಾನಿಸ್ ಒಬ್ಬ ದಾದಿಯ ಬಗ್ಗೆ ಕಥಾಚಿತ್ರ ಮಾಡಿದ. ಅದಕ್ಕೂ ಅವಳೇ ಬೇಕೆಂದ. ನಮ್ಮ ಮೇಸ್ತ್ರಿ ಬೆರ್ತ್ರಾನ್ ನಕ್ಕಿದ್ದೇ ನಕ್ಕಿದ್ದು. "ದಾರಿ ಬಿಡ್ರಪ್ಪಾ, ಮಹಾರಾಣಿ ಸಂಗೀತ ಬರೀತಾರೆ! ಸ್ವರ ಬರೆಯೋಕೆ ಬರುತ್ತಾ ತಾಯಿ?"

"ಬರಲ್ಲ. ಕಲೀತೀನಿ," ಎಂದಳು ಆರ್ಮೆಲ್.

ಆಗ ಅವಳಿಗೆ ನಲವತ್ತೊಂದು. ಎವ್ರೂ ಪಟ್ಟಣದ ಸಂಗೀತ ಶಾಲೆಯಲ್ಲಿ ಹತ್ತು ವರ್ಷದ ಮಕ್ಕಳ ಜತೆ ಬೆಂಚಿನಲ್ಲಿ ಕೂತಳು. ಅದಕ್ಕೆ ಮೊದಲು ಚೌಕಳಿ ಪುಸ್ತಕದಲ್ಲಿ ತನ್ನದೇ ಗುರುತು ಹಾಕಿಕೊಳ್ಳುತ್ತಿದ್ದಳು: ಮುಚ್ಚಿದ ತೂತಿಗೆ ಕಪ್ಪು ಚುಕ್ಕೆ, ತೆರೆದದ್ದಕ್ಕೆ ಸೊನ್ನೆ, ಉಸಿರಿಗೆ ಅಡ್ಡಗೆರೆ. ಅಡ್ಡಗೆರೆಗಳೇ ಹೆಚ್ಚು. ಒಂದೂವರೆ ಗಂಟೆಯ ಚಿತ್ರಕ್ಕೆ ಅವಳು ಬರೆದದ್ದು ಹನ್ನೊಂದು ನಿಮಿಷದ ಸಂಗೀತ. ಯಾರಾದರೂ ಅಳುವಾಗ ಒಂದು ಸ್ವರವೂ ಇಲ್ಲ. ದಾದಿ ಮೆಟ್ಟಿಲು ಹತ್ತುವಾಗ, ಆಲೂಗಡ್ಡೆ ಸುಲಿಯುವಾಗ, ಬಸ್ಸಿಗೆ ಕಾಯುವಾಗ ತಗ್ಗು ಸ್ವರದ ಕ್ಲಾರಿನೆಟ್ ಮೆಲ್ಲಗೆ ಬಂದು ಪಕ್ಕದಲ್ಲಿ ಕೂರುತ್ತಿತ್ತು. ಪತ್ರಿಕೆಗಳು ಮೆಚ್ಚಿ ಬರೆದವು. ಬೆರ್ತ್ರಾನ್ ಒಂದನ್ನು ಕತ್ತರಿಸಿ ಗೋಡೆಗೆ ಅಂಟಿಸಿದ. ತಾನೇ ಅಂಟಿಸಿದ್ದೆಂದು ಮಾತ್ರ ಒಪ್ಪಲಿಲ್ಲ.

ಮುಂದಿನ ಕರೆ ಪ್ಯಾರಿಸ್ಸಿನ ಒಬ್ಬ ದೊಡ್ಡ ನಿರ್ಮಾಪಕನಿಂದ. ಚಿತ್ರದಲ್ಲಿ ವಿಧವೆಯೊಬ್ಬಳು ಸತ್ತ ಗಂಡನ ಶೂಗಳನ್ನು ಜೋಡಿಸಿಡುವ ದೃಶ್ಯವಿತ್ತು. ಅಲ್ಲಿ ಅರವತ್ತು ಪಿಟೀಲು ಬೇಕೆಂದು ಅವನ ಹಟ.

"ಆ ಹೆಂಗಸು ಒಬ್ಬಳೇ ಇರಬೇಕು ಅಂತಿದಾಳೆ ಸಾರ್. ಅರವತ್ತು ಜನ ನುಗ್ಗಿದ್ರೆ ಹೇಗೆ?" ಎಂದು ಇವಳು.

ಹದಿನೈದು ದಿನದಲ್ಲಿ ಅವಳ ಸಂಗೀತವನ್ನೆಲ್ಲ ಕಿತ್ತು ಬೇರೆಯವರಿಂದ ಮಾಡಿಸಿದರು. ಸೋಮವಾರ ಬೆಳಿಗ್ಗೆ ಅವಳು ಎಂದಿನಂತೆ ಮೇಜಿಗೆ ಬಂದಳು. ಕ್ಲಾರಿನೆಟ್ ಎತ್ತಿದಳು, ಊದಲಿಲ್ಲ. "ನಂದೇ ತಪ್ಪೇನೋ ಜೋಸೆಟ್. ತೂತು ನೋಡೋಳು ತೂತು ನೋಡ್ಕೊಂಡಿರಬೇಕಿತ್ತು," ಎಂದಳು. ನನಗೆ ಸಿಟ್ಟು ಬಂತು. "ನಿನ್ನ ಕಿವಿ ಯಾವತ್ತಾದ್ರೂ ಸುಳ್ಳು ಹೇಳಿದೆಯಾ? ಸುಮ್ನೆ ಊದು!" ಎಂದು ಗದರಿದೆ. ಆ ಚಳಿಗಾಲವೆಲ್ಲ ಅವಳು ಸಂಗೀತ ಶಾಲೆಯ ಒಂದು ಪಾಠವನ್ನೂ ತಪ್ಪಿಸಲಿಲ್ಲ.

ಯಾನಿಸ್ ಮತ್ತೆ ಬಂದ. ಈ ಸಲದ ಚಿತ್ರ ಸೆನ್ ನದಿಯಲ್ಲಿ ಸರಕು ದೋಣಿ ನಡೆಸುವ ಒಂದು ಕುಟುಂಬದ್ದು. ಆರ್ಮೆಲ್ ಒಂದೇ ಷರತ್ತು ಹಾಕಿದಳು: ಪ್ಯಾರಿಸ್ಸಿನ ವಾದಕರ ಜತೆ ನಮ್ಮ ಕಾರ್ಖಾನೆಯ ಏಳು ಮಂದಿ ಇರಬೇಕು. ನಾನು, ಬೆರ್ತ್ರಾನ್, ಎಲ್ಲರೂ. ನಮಗೆ ನುಡಿಸಲು ಎಲ್ಲಿ ಬರುತ್ತದೆ? ಊದದೆ, ಕೀಲಿಗಳನ್ನಷ್ಟೇ ಒತ್ತಿ ಬಿಡಬೇಕು. ಚರ್ಮ ಮರಕ್ಕೆ ತಾಗುವ ಟಪ್ ಟಪ್ ಸದ್ದು ಬೇಕು, ದೋಣಿಯ ಬದಿಗೆ ನೀರು ಬಡಿಯುವ ಹಾಗೆ.

ಸ್ಟುಡಿಯೋದಲ್ಲಿ ಧ್ವನಿ ಎಂಜಿನಿಯರ್ ತಲೆ ಚಚ್ಚಿಕೊಂಡ. "ಮೇಡಂ, ಇದು ಗಲಾಟೆ. ಇದನ್ನ ತೆಗೆಯೋಕೇ ನನ್ನ ಇಟ್ಕೊಂಡಿರೋದು!"

ವಾದಕರಲ್ಲಿ ಹಿರಿಯಳೊಬ್ಬಳು ಎದ್ದು ನಿಂತಳು. "ಈ ಸದ್ದು ಕೇಳಿಸದ ಹಾಗೆ ನುಡಿಸೋದನ್ನೇ ಮೂವತ್ತು ವರ್ಷ ಅಭ್ಯಾಸ ಮಾಡಿದೀನಿ ಕಣಯ್ಯಾ. ಇವತ್ತು ಕೇಳಿಸ್ಲಿ ಅಂತಿದಾಳೆ. ಒಂದ್ಸಲ ಬಿಟ್ಟು ನೋಡು."

ಬಿಟ್ಟು ನೋಡಿದ. ಪರದೆಯ ಮೇಲೆ ಮಂಜಿನಲ್ಲಿ ದೋಣಿ ಹೊರಟಿತು. ಕೆಳಗಿಂದ ನಮ್ಮ ಟಪ್ ಟಪ್, ಅದರ ಮೇಲೆ ನಾಲ್ಕು ಕ್ಲಾರಿನೆಟ್‌ಗಳ ಒಂದೇ ಉದ್ದನೆಯ ಉಸಿರು. ಮುಗಿದಾಗ ಎಂಜಿನಿಯರ್ ನಮ್ಮ ಕಡೆ ತಿರುಗಿ, "ಮೇಸ್ತ್ರಿಗಳೇ, ನೀವು ಸ್ವಲ್ಪ ಜೋರಾಗಿ ಒತ್ತಿ," ಎಂದ. ಬೆರ್ತ್ರಾನ್‌ನ ಎದೆ ಎರಡು ಗೇಣು ಉಬ್ಬಿತು.

ಆ ಚಿತ್ರಕ್ಕೆ ವರ್ಷದ ಅತ್ಯುತ್ತಮ ಸಂಗೀತವೆಂಬ ಪ್ರಶಸ್ತಿ ಬಂತು. ಅದಾದ ಮೇಲೆ ಆರ್ಮೆಲ್ ಕಾರ್ಖಾನೆ ಬಿಟ್ಟಳು. ಈವರೆಗೆ ಒಂಬತ್ತು ಚಿತ್ರ ಮಾಡಿದ್ದಾಳೆ. ಆದರೂ ನನ್ನ ಕಣ್ಣಿಗೆ ಕಟ್ಟಿದಂತಿರುವುದು ಹೋದ ಅಕ್ಟೋಬರಿನ ಒಂದು ಭಾನುವಾರ ಮಧ್ಯಾಹ್ನ. ರುವಾಂ ನಗರದ ಸಭಾಂಗಣದಲ್ಲಿ ಅವಳ ಚಿತ್ರಗಳ ಸಂಗೀತವನ್ನು ಎಪ್ಪತ್ತು ಮಂದಿಯ ವಾದ್ಯವೃಂದ ನುಡಿಸಿತು. ಊರಿನಿಂದ ಎರಡು ಬಸ್ಸು ಹೋಗಿದ್ದವು. ಕೊನೆಯ ಸ್ವರ ಆರಿದ ಮೇಲೂ ವೃಂದ ನಡೆಸುತ್ತಿದ್ದವರು ಎತ್ತಿದ ಕೈ ಇಳಿಸಲಿಲ್ಲ. ಸಾವಿರದ ಇನ್ನೂರು ಜನ ಉಸಿರು ಬಿಗಿಹಿಡಿದು ಕೂತಿದ್ದರು, ಒಬ್ಬರೂ ಕೆಮ್ಮಲಿಲ್ಲ. ಕೈ ಇಳಿದದ್ದೇ ತಡ, ಇಡೀ ಸಭಾಂಗಣ ಎದ್ದು ನಿಂತಿತು. ಚಪ್ಪಾಳೆ ಚಾವಣಿ ಹಾರಿಸುವ ಹಾಗೆ ಮೊಳಗಿತು.

ನೀಲಿ ಉಡುಪಿನ ಆರ್ಮೆಲ್ ವೇದಿಕೆ ಹತ್ತಿದಳು. ಬಾಗಬೇಕು ಎಂಬುದೂ ಹೊಳೆಯದೆ ಎರಡೂ ಕೈ ಮೇಲೆತ್ತಿ ಗಟ್ಟಿಯಾಗಿ ನಕ್ಕುಬಿಟ್ಟಳು. ಬೆರ್ತ್ರಾನ್ ಕುರ್ಚಿಯ ಮೇಲೆ ಹತ್ತಿ ನಿಂತು, "ನಮ್ಮವಳು! ನಮ್ಮ ಕಾರ್ಖಾನೆಯವಳು!" ಎಂದು ಗಂಟಲು ಹರಿಯುವಂತೆ ಕೂಗುತ್ತಿದ್ದ. ಅವನನ್ನು ಕೆಳಗಿಳಿಸಲು ನಾನು ಹೋಗಲಿಲ್ಲ, ನಾನೂ ಕೂಗುತ್ತಿದ್ದೆ.