ಸದ್ದಿಲ್ಲದ ಸಂಗೀತದ ಕ್ಲಾಸು

ಯಾರನ್ನೂ ಸುಲಭಕ್ಕೆ ನಂಬುವ ಜಾಯಮಾನ ನನ್ನದಲ್ಲ. ಅಪ್ಪ ಜಾಲಹಳ್ಳಿಯ ಸರ್ಕಾರಿ ಕಾರ್ಖಾನೆಯೊಂದರಲ್ಲಿ ತಪಾಸಣೆ ವಿಭಾಗದಲ್ಲಿದ್ದರು. ಮನೆಗೆ ಒಂದು ಸ್ಟೀಲ್ ಲೋಟ ತಂದರೂ ಬೆರಳಲ್ಲಿ ತಟ್ಟಿ, ಕಿವಿಗೆ ಹಿಡಿದು, ತಲೆಕೆಳಗು ಮಾಡಿ ನೋಡಿದ ಮೇಲೆಯೇ ಅದಕ್ಕೆ ಅಡುಗೆಮನೆ ಪ್ರವೇಶ. ನನ್ನ ಗಂಡನನ್ನೂ ಮದುವೆಗೆ ಮುಂಚೆ ಹೆಚ್ಚುಕಡಿಮೆ ಹಾಗೆಯೇ ನೋಡಿದ್ದರು, ತಟ್ಟಿರಲಿಲ್ಲ ಅಷ್ಟೆ. ಆ ಗುಣ ನನಗೂ ಬಂದಿದೆ. ಬಸ್ಸಿನಲ್ಲಿ ಬೆನ್ನ ಹಿಂದೆ ಯಾರಾದರೂ ಬಂದು ನಿಂತರೆ ತಿರುಗಿ ನೋಡದೆ ನನ್ನಿಂದ ಇರಲಾಗುವುದಿಲ್ಲ.

ಪೀಣ್ಯದ ಒಂದು ಖಾಸಗಿ ಹೈಸ್ಕೂಲಿನಲ್ಲಿ ನಾನು ಡ್ರಾಯಿಂಗ್ ಟೀಚರಾಗಿದ್ದೆ. ಶಾಲೆಯ ಹಿಂದಿನ ಗೋಡೆಗೆ ಅಂಟಿಕೊಂಡಂತೆ ತಗಡು ಒತ್ತುವ ಶೆಡ್ಡುಗಳು. ಅಲ್ಲಿನ ಪ್ರೆಸ್ ಮಿಷನ್ನು ಧಡ್ ಎಂದಾಗಲೆಲ್ಲ ನಮ್ಮ ಮಕ್ಕಳ ಬಣ್ಣದ ನೀರು ಬಟ್ಟಲಲ್ಲಿ ನಡುಗುತ್ತಿತ್ತು. ಶುಕ್ರವಾರ ಮಧ್ಯಾಹ್ನ ಎಂಟು ಮತ್ತು ಒಂಬತ್ತನೇ ತರಗತಿಯವರು ಡ್ರಾಯಿಂಗ್ ಅಥವಾ ಸಂಗೀತ, ಯಾವುದಾದರೂ ಒಂದಕ್ಕೆ ಬರಬೇಕು. ಒಂದೇ ದೊಡ್ಡ ಕೋಣೆಯ ನಡುವೆ ಪ್ಲೈವುಡ್ ನಿಲ್ಲಿಸಿ ಎರಡು ಮಾಡಿದ್ದರು. ಈ ಕಡೆ ನಾನು, ಆ ಕಡೆ ಸಂಗೀತದ ಮೇಷ್ಟ್ರು.

ದಸರಾ ರಜೆ ಮುಗಿದು ಬಂದ ದಿನ ಹೆಡ್ ಮೇಡಂ ನಮ್ಮಿಬ್ಬರನ್ನೂ ಕರೆದರು. "ಮುಂದಿನ ವರ್ಷ ಎರಡೂ ನಡ್ಸೋಕಾಗಲ್ಲ. ಅರ್ಧ ಜಾಗ ಕಂಪ್ಯೂಟರ್ ಲ್ಯಾಬಿಗೆ ಬೇಕು. ನಿಮ್ಮಿಬ್ರಲ್ಲಿ ಯಾರ ಕ್ಲಾಸು ಚೆನ್ನಾಗಿ ನಡೆಯುತ್ತೋ ಅವರು ಉಳ್ಕೋತೀರ" ಎಂದರು. ಚಹಾ ಬೇಕಾ ಎಂದು ಕೇಳುವಷ್ಟೇ ಹಗುರವಾಗಿ.

ಮೇಷ್ಟ್ರು ಧಾರವಾಡದ ಕಡೆಯ ಹುಡುಗ, ಬಂದು ಇನ್ನೂ ವರ್ಷವಾಗಿರಲಿಲ್ಲ. ಎದುರು ಸಿಕ್ಕಾಗಲೆಲ್ಲ "ನಮಸ್ಕಾರ್ರೀ ಮೇಡಂ" ಎಂದು ಬಾಗುತ್ತಿದ್ದ. ಅಷ್ಟೊಂದು ಬಾಗುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗದು. ಅದಾದ ಕೆಲವೇ ವಾರಗಳಲ್ಲಿ ನನ್ನ ಕಡೆಯ ಮಕ್ಕಳು ಒಬ್ಬೊಬ್ಬರಾಗಿ ಪ್ಲೈವುಡ್ಡಿನ ಆಚೆಗೆ ಹೋಗತೊಡಗಿದರು. ಚಾಕೊಲೇಟು ಹಂಚುತ್ತಾನೋ? ಮಾರ್ಕ್ಸ್ ಆಸೆ ತೋರಿಸುತ್ತಾನೋ? ಹೋದ ಮಕ್ಕಳನ್ನು ಕೇಳಿದರೆ ಮುಖ ಮುಖ ನೋಡಿಕೊಂಡು ನಗುತ್ತಿದ್ದವು.

ನನ್ನ ಅನುಮಾನಕ್ಕೆ ಇನ್ನೂ ಗಟ್ಟಿ ಕಾರಣವಿತ್ತು. ಆ ಕಡೆಯಿಂದ ಹಾಡೇ ಕೇಳಿಸುತ್ತಿರಲಿಲ್ಲ! ಮೊದಲೆಲ್ಲ ಹಾರ್ಮೋನಿಯಂ ಕೊಂಯ್ ಎನ್ನುತ್ತಿತ್ತು, ಮಕ್ಕಳು ಸರಿಗಮ ಕಿರುಚುತ್ತಿದ್ದರು. ಈಗ ಪೂರ್ತಿ ಪಾಠ ಮುಗಿದರೂ ಒಂದು ಕೆಮ್ಮು ಬಿಟ್ಟರೆ ಬೇರೇನಿಲ್ಲ. ಪ್ಲೈವುಡ್ಡಿಗೆ ಕಿವಿ ಇಟ್ಟೂ ನೋಡಿದೆ. ಮಕ್ಕಳನ್ನು ಮಲಗಿಸಿ ತಾನು ಮೊಬೈಲು ನೋಡುತ್ತಾನೆ, ಪುಕ್ಕಟೆ ನಿದ್ದೆ ಸಿಗುತ್ತದೆಂದು ಇವೆಲ್ಲ ಅಲ್ಲಿಗೆ ಓಡುತ್ತಿವೆ ಎಂದು ಲೆಕ್ಕ ಹಾಕಿದೆ.

ಒಂದು ಶುಕ್ರವಾರ ನನ್ನ ಅತ್ಯಂತ ಒಳ್ಳೆಯ ವಿದ್ಯಾರ್ಥಿನಿಯೇ ಆ ಕಡೆ ಹೋದಳು. ಒಂಬತ್ತನೇ ತರಗತಿಯ ಹುಡುಗಿ. ಅವಳು ಬರೆದ ಚಪ್ಪಲಿ ನೋಡಿದರೆ ಯಾರು ಎಷ್ಟು ದೂರ ನಡೆದು ಸವೆಸಿದ್ದೆಂದು ಹೇಳಬಹುದಿತ್ತು. ಅವಳೂ ಹೋದ ಮೇಲೆ ನನ್ನಿಂದ ಕೂತಿರಲಾಗಲಿಲ್ಲ. ಬಣ್ಣದ ಚಾಕ್ ಕೇಳುವ ನೆಪದಲ್ಲಿ ನೇರವಾಗಿ ಆ ಕಡೆ ನುಗ್ಗಿದೆ.

ಮಕ್ಕಳೆಲ್ಲ ಕಣ್ಣು ಮುಚ್ಚಿ ಕೂತಿದ್ದರು. ನಿದ್ದೆಯೇ ಎಂದುಕೊಂಡೆ. ಆದರೆ ಎಲ್ಲರ ಬೆರಳೂ ಅವರವರ ತೊಡೆಯ ಮೇಲೆ ಸದ್ದಿಲ್ಲದೆ ಆಡುತ್ತಿತ್ತು. ಹಿಂದಿನ ಶೆಡ್ಡಿನ ಪ್ರೆಸ್ಸು ಧಡ್ ಎಂದಾಗ ಅಷ್ಟೂ ಅಂಗೈಗಳು ಒಟ್ಟಿಗೆ ಇಳಿದವು. ನಡುವೆ ಬೆರಳಲ್ಲಿ ಎಣಿಕೆ, ಮತ್ತೆ ಧಡ್, ಮತ್ತೆ ಅಂಗೈ.

"ಹತ್ತನೇ ಕ್ಲಾಸಿನ ಹುಡುಗ್ರು ಬಾಜೂಕ್ಕ ಓದಾಕ್ಹತ್ಯಾರ ಅಂತ ಹೆಡ್ ಮೇಡಂ ಸದ್ದು ಮಾಡಬ್ಯಾಡ ಅಂದ್ರರೀ" ಎಂದು ಮೇಷ್ಟ್ರು ಪಿಸುಗುಟ್ಟಿದ. "ಮಷಿನ್ನಂತೂ ಯಾರ ಮಾತೂ ಕೇಳಂಗಿಲ್ಲ. ಅದರ ಕೂಡೇನ ತಾಳ ಕಲಿಸಾಕ್ಹತ್ತೇನ್ರೀ."

ಮಾತು ಚೆನ್ನಾಗಿತ್ತು. ಚೆನ್ನಾಗಿರುವ ಮಾತಿನ ಹಿಂದೆ ಏನಿದೆ ಎಂದು ನೋಡುವುದು ನನ್ನ ಅಭ್ಯಾಸ. ಪಾಠ ಬಿಟ್ಟ ಮೇಲೆ ಆ ಹುಡುಗಿಯನ್ನು ಮೆಟ್ಟಿಲ ಹತ್ತಿರ ತಡೆದೆ.

"ಅಲ್ಲಿ ಏನ್ ಕಲಿತೆ? ತೋರ್ಸು."

"ಆ ಕಡೆ ತಿರುಗಿ ಮಿಸ್."

"ಯಾಕೆ ತಿರುಗ್ಬೇಕು?"

"ತಿರುಗಿ ಮಿಸ್, ಪ್ಲೀಸ್."

ಮನಸ್ಸಿಲ್ಲದ ಮನಸ್ಸಿನಿಂದ ತಿರುಗಿದೆ. ಅವಳು ನನ್ನ ಬೆನ್ನ ಮೇಲೆ ಅಂಗೈಯಿಂದಲೂ ಬೆರಳಿನಿಂದಲೂ ತಟ್ಟತೊಡಗಿದಳು. ತಾಳದ ಒಂದು ಸುತ್ತು ಮುಗಿಯುವ ಮೊದಲೇ ನಾನು ಹೊರಳಿ ಅವಳ ಮುಖ ನೋಡಿದೆ.

"ನಮ್ಮಮ್ಮ ಪ್ರೆಸ್ ಮಿಷನ್ ಮೇಲೆ ಕೆಲ್ಸ ಮಾಡೋದು ಮಿಸ್. ಈಗ ಕಿವಿ ಕೇಳ್ಸಲ್ಲ. ಮುಂಚೆ ಅಡುಗೆ ಮಾಡ್ತಾ ಸಕ್ಕತ್ತಾಗಿ ಹಾಡ್ತಿದ್ಲು, ತಾಳ ತಪ್ಪುತ್ತೆ ಅಂತ ಬಿಟ್ಬಿಟ್ಳು. ಹಿಂಗೆ ಬೆನ್ನು ತಟ್ಟಿದ್ರೆ ಹಾಡ್ತಾಳೆ."

ನಂಬಬೇಕೆನಿಸಿತು, ಸುಳ್ಳೇಕೆ ಹೇಳಲಿ. ಆದರೆ ಶಾಲೆಯ ಮಕ್ಕಳ ಕಥೆಗಳನ್ನೂ ನಾನು ಬೇಕಾದಷ್ಟು ಕೇಳಿದ್ದೇನೆ. ಒಂದೇ ಅಜ್ಜಿಯನ್ನು ವರ್ಷಕ್ಕೆರಡು ಸಲ ಸಾಯಿಸಿ ರಜೆ ತೆಗೆದುಕೊಂಡವರಿದ್ದಾರೆ. ಮೇಷ್ಟ್ರೇ ಹೇಳಿಕೊಟ್ಟು ಕಳಿಸಿದ್ದರೆ?

ಮರುವಾರ ಹೆಡ್ ಮೇಡಂ ನನ್ನೊಬ್ಬಳನ್ನೇ ಕರೆದರು. "ನೀವು ಪಕ್ಕದಲ್ಲೇ ಇರ್ತೀರ. ಸಂಗೀತದ ಕ್ಲಾಸಲ್ಲಿ ಸದ್ದೇ ಬರಲ್ವಲ್ರೀ. ಕಮ್ಮಿ ಮಾಡಿ ಅಂದಿದ್ದೆ, ನಿಲ್ಲಿಸಿಬಿಡಿ ಅಂದಿದ್ನಾ? ಅಲ್ಲಿ ಏನೂ ನಡೀತಿಲ್ಲ ಅಂತ ನೀವು ಹೇಳಿದ್ರೆ ಇವತ್ತೇ ತೀರ್ಮಾನ ಮಾಡ್ಬಿಡ್ತೀನಿ. ಅಂದ ಹಾಗೆ, ಮೇಷ್ಟ್ರನ್ನೂ ಕೇಳಿದೆ. ನಿಮ್ಮ ಕ್ಲಾಸು ಬಹಳ ಚೆನ್ನಾಗಿದೆ ಅಂದ್ರು."

ನನ್ನನ್ನು ಹೊಗಳಿದನೇ? ಯಾಕೆ ಹೊಗಳಿದ? ಅದೂ ಒಂದು ಹೊಸ ಅನುಮಾನವಾಗಿ ತಲೆಯೊಳಗೆ ಹೊಕ್ಕಿತು. ಒಂದು ಮಾತು ಹೇಳಿದ್ದರೆ ನನ್ನ ಕೆಲಸ ಉಳಿಯುತ್ತಿತ್ತು. ಸರಿಯಾಗಿ ನೋಡದೆ ಹೇಳಲು ಬಾಯಿ ಬರಲಿಲ್ಲ. "ಪೇರೆಂಟ್ಸ್ ಮೀಟಿಂಗ್ ಆದ್ಮೇಲೆ ಹೇಳ್ತೀನಿ ಮೇಡಂ" ಎಂದು ಎದ್ದು ಬಂದೆ.

ಆ ಶನಿವಾರ ಮೀಟಿಂಗಿಗೆ ಹುಡುಗಿಯ ತಾಯಿ ಬಂದಳು. ಶಿಫ್ಟು ಮುಗಿಸಿ ಸೀದಾ ಬಂದಿದ್ದಳು, ಸೀರೆಯ ಮೇಲೆ ಎಣ್ಣೆಯ ಕಲೆ. ಕಾರಿಡಾರಿನ ಬೆಂಚಿನ ಮೇಲೆ ಮಗಳ ಪಕ್ಕ ಕೂತಿದ್ದಳು. ನಾನು ಹಿಂದಿನಿಂದ ಹೋಗಿ ಜ್ಯಾಮಿಟ್ರಿ ಡಬ್ಬಿಯೊಂದನ್ನು ಬೇಕೆಂದೇ ನೆಲಕ್ಕೆ ಬಿಟ್ಟೆ. ಕಾರಿಡಾರಿನಲ್ಲಿದ್ದವರೆಲ್ಲ ತಿರುಗಿದರು. ಅವಳೊಬ್ಬಳು ಎದುರಿನ ಗೋಡೆಯನ್ನೇ ನೋಡುತ್ತಿದ್ದಳು.

ಮಗಳು ನನ್ನನ್ನು ನೋಡಿದಳು. ನಾನು ಏನು ಮಾಡುತ್ತಿದ್ದೇನೆಂದು ಅವಳಿಗೆ ತಿಳಿದುಹೋಯಿತು. ಎದ್ದು ಅಮ್ಮನ ಹಿಂದೆ ಬಂದು ನಿಂತು ಬೆನ್ನು ತಟ್ಟತೊಡಗಿದಳು. ತಾಯಿ ಮೊದಲು ನಾಚಿದಳು, ಬೇಡವೆಂದು ಭುಜ ಕೊಡವಿದಳು. ಮಗಳು ಬಿಡಲಿಲ್ಲ. ಆಮೇಲೆ ತಾಯಿ ಹಾಡಿದಳು.

ಅದು ಹೆಣ್ಣನ್ನು ಕಳಿಸಿಕೊಡುವಾಗ ಹೇಳುವ ಸೋಬಾನೆ ಪದ. ತನ್ನ ದನಿ ಎಷ್ಟು ದೊಡ್ಡದೆಂದು ಅವಳಿಗೇ ಗೊತ್ತಿರಲಿಲ್ಲ. ಕಾರಿಡಾರು ತುಂಬಿ, ಮೆಟ್ಟಿಲಿಳಿದು, ಅಂಗಳಕ್ಕೆ ಹೋಯಿತು. ಹತ್ತನೇ ತರಗತಿಯವರು ಕಿಟಕಿಗೆ ಬಂದರು. ಹೆಡ್ ಮೇಡಂ ಕೋಣೆಯಿಂದ ಹೊರಗೆ ಬಂದು "ಸೈಲೆನ್ಸ್!" ಎಂದು ಕೂಗಿದರು.

ಅವಳಿಗೆ ಕೇಳಿಸಲಿಲ್ಲ. ಮಗಳಿಗೆ ಕೇಳಿಸಿತು, ಆದರೂ ಕೈ ನಿಲ್ಲಲಿಲ್ಲ. ಮೇಡಂ ಇನ್ನೊಮ್ಮೆ ಕೂಗಲು ಬಾಯಿ ತೆರೆದವರು ಹಾಗೆಯೇ ನಿಂತರು. ಪದ ಮುಗಿದ ಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು: "ಇದೇನಾ ಅಲ್ಲಿ ಕಲಿಸ್ತಿರೋದು?"

"ಇದೇ ಮೇಡಂ. ನಾನೇ ಚೆಕ್ ಮಾಡಿದೀನಿ."

ಸಂಗೀತ ಉಳಿಯಿತು. ನನ್ನ ಅರ್ಧ ಕೋಣೆಗೆ ಕಂಪ್ಯೂಟರುಗಳು ಬಂದವು. ಸಂಕಟವಾಯಿತು, ಇವತ್ತಿಗೂ ಆಗುತ್ತದೆ. ಮೇಷ್ಟ್ರು ಕೊನೆಯ ದಿನವೂ ಬಾಗಿ ನಮಸ್ಕರಿಸಿದ. ಅದು ಎಷ್ಟು ನಿಜವೋ ನನಗೆ ಈಗಲೂ ಗೊತ್ತಿಲ್ಲ.

ಅವತ್ತು ಬಣ್ಣದ ಡಬ್ಬಿಗಳ ಚೀಲ ಹಿಡಿದು ಬಸ್‌ಸ್ಟಾಪಿನಲ್ಲಿ ನಿಂತಿದ್ದೆ. ಹಿಂದೆ ಯಾರೋ ಬಂದು ನಿಂತರು. ಬೆನ್ನ ಮೇಲೆ ಒಂದು ಅಂಗೈ ಇಳಿಯಿತು, ಆಮೇಲೆ ಬೆರಳುಗಳು, ಮತ್ತೆ ಅಂಗೈ. ನನ್ನ ಬಸ್ಸು ಬಂತು, ಹೋಯಿತು. ಸುತ್ತು ಪೂರ್ತಿ ಮುಗಿಯುವವರೆಗೂ ನಾನು ತಿರುಗಿ ನೋಡಲಿಲ್ಲ.