ನಾನು ಮಡ್ಡಿ ಗುಡಿಸಿದ್ದು

ಬಟ್ಟೆಯ ಮೇಲೆ ಒಂದು ಬಿಡಿ ಎಳೆ ಕಂಡರೂ ನನಗೆ ಜೀವ ತಡೆಯುವುದಿಲ್ಲ. ಬನಹಟ್ಟಿಯ ನೇಕಾರರ ಮನೆಯಲ್ಲಿ ಹುಟ್ಟಿ, ಮಗ್ಗದಿಂದ ಇಳಿದ ಸೀರೆಗಳ ಎಳೆ ಕತ್ತರಿಸುತ್ತಲೇ ಕನ್ನಡಕ ಹಾಕಿಕೊಂಡವನು ನಾನು. ಒಮ್ಮೆ ಮದುವೆಯಲ್ಲಿ ಬೀಗರ ಹೆಗಲ ಮೇಲಿನ ಎಳೆಯೊಂದನ್ನು ಪ್ರೀತಿಯಿಂದಲೇ ಎಳೆದೆ. ತೋಳಿನ ಹೊಲಿಗೆಯೇ ಬಿಚ್ಚಿಕೊಂಡು ಬಂತು. ಅಷ್ಟಾದರೂ ಬುದ್ಧಿ ಬರಲಿಲ್ಲ.

ಇಂಥವನ ಕೈಗೆ ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ, ಜಮಖಂಡಿ ಕಡೆಯ ಹೊಲ ಒಪ್ಪಿಸಿ, ಅಣ್ಣನನ್ನೂ ಕರಕೊಂಡು ಮಗಳ ಬಾಣಂತನಕ್ಕೆ ಹೋದರು. ಮೇಲೆ ಮಡ್ಡಿ, ಅಂದರೆ ಕಲ್ಲಿನ ದಿಬ್ಬ, ಕೆಳಗೆ ಬಾವಿ. ಆ ಬಾವಿಯೇ ವೈನಿಯ ಅರ್ಧ ಎಕರೆ ಅರಿಷಿಣದ ಜೀವ. ಕೃಷ್ಣೆಯ ನೀರು ಹಿಪ್ಪರಗಿ ಕಡೆಯವರಿಗೆ. ವೈನಿಗೆ ಬಾವಿಯೇ ಕೃಷ್ಣೆ.

ಮಡ್ಡಿ ನೋಡಿದೆ. ಅಯ್ಯೋ ಶಿವನೇ! ಬೇವು, ತಂಗಡಿ, ಬಾರಿ ಕಂಟಿ ಎಂಬ ಬೋರೆ ಮುಳ್ಳಿನ ಪೊದೆ, ಕಾಲಡಿಗೆ ವರ್ಷಗಟ್ಟಲೆಯ ಒಣ ಎಲೆ. ಆಳು ಹಚ್ಚಿ ಕಂಟಿ ಕಡಿಸಿ, ಎಲೆಯನ್ನೆಲ್ಲ ಗುಡಿಸಿ ಸುಡಿಸಿದೆ. ಮುಳ್ಳಿಗೆ ಹೆದರಿ ಆಳುಗಳು ಬಾರಿ ಕಂಟಿ ಒಂದನ್ನು ಮಾತ್ರ ಬಿಟ್ಟರು. ಫೋಟೊ ತೆಗೆದು ವೈನಿಗೆ ಕಳಿಸಿದೆ. ಉತ್ತರ ಬರಲಿಲ್ಲ. ಸಂತೋಷಕ್ಕೆ ಮಾತೇ ಹೊರಟಿರಲಿಕ್ಕಿಲ್ಲ ಎಂದುಕೊಂಡೆ.

ಮಳೆ ಬಂತು. ಮಡ್ಡಿಯಿಂದ ಕೆಂಪು ನೀರು ಧೋ ಎಂದು ಇಳಿದು, ಒಡ್ಡು ಒಡೆದು ಹಳ್ಳ ಸೇರಿತು. ಎಷ್ಟು ನೀರು ಎಂದು ಹಿಗ್ಗಿದೆ! ವಾರ ಕಳೆದು ಬಾವಿಯೊಳಗೆ ಬಗ್ಗಿದರೆ ತಳದ ಕಲ್ಲು ನನ್ನನ್ನೇ ನೋಡುತ್ತಿತ್ತು.

ಅಷ್ಟರಲ್ಲಿ ವೈನಿ ಬಂದರು. ಬಯ್ಯಲಿಲ್ಲ, ಬಯ್ದಿದ್ದರೆ ಚೆನ್ನಾಗಿತ್ತು. ಕೈಗೆ ಹಾರೆ ಕೊಟ್ಟು ಎರಡು ಕಡೆ ಅಗೆ ಅಂದರು. ನಾನು ಗುಡಿಸಿದ ನೆಲದಲ್ಲಿ ಎರಡು ಬೆರಳು ಕೆಳಗೇ ಒಣ ಮಣ್ಣು. ಆಳುಗಳು ಬಿಟ್ಟಿದ್ದ ಬಾರಿ ಕಂಟಿಯ ಬುಡದಲ್ಲಿ ಮೊಳದ ಆಳಕ್ಕೂ ಹಸಿ, ಮೇಲೆ ಎರೆಹುಳು ಬೇರೆ.

"ಈರಣ್ಣ, ಮಳಿ ಮನಿತನಕ ಬಂದಿತ್ತೋ. ಕುಂದ್ರಾಕ ಒಂದ ಎಲಿನೂ ಇಟ್ಟಿಲ್ಲಲ್ಲ ನೀ," ಎಂದರು.

ಆ ವರ್ಷ ಅರಿಷಿಣ ಅರ್ಧಕ್ಕರ್ಧ ಒಣಗಿತು. ವೈನಿ ಬಡಿಸಿದ ರೊಟ್ಟಿಯನ್ನು ನಾಚಿಕೆಯಿಂದ ಹಿತ್ತಲಿಗೆ ಒಯ್ದು ತಿಂದೆ.

ನೇಕಾರನಿಗೆ ಇದು ಮೊದಲೇ ಹೊಳೆಯಬೇಕಿತ್ತು. ಗಂಜಿ ಕುಡಿದ ಹೊಸ ಸೀರೆ ನೀರು ಕುಡಿಯುವುದಿಲ್ಲ, ಹನಿ ಜಾರಿಬಿಡುತ್ತದೆ. ಬರಿನೆಲಕ್ಕೆ ಮಳೆ ನೇರ ಬಡಿದರೆ ಸಣ್ಣ ಮಣ್ಣು ಎದ್ದು, ನೆಲದ ಕಿಂಡಿಗಳನ್ನು ಮುಚ್ಚಿ, ಗಂಜಿಯ ಹಾಗೆಯೇ ಪೊರೆ ಕಟ್ಟುತ್ತದೆ. ಗಿಡವಿದ್ದರೆ ಹನಿ ಎಲೆಯಿಂದ ಎಲೆಗೆ ಇಳಿದು, ತರಗಿನ ಮೇಲೆ ತುಸು ದಣಿವಾರಿಸಿಕೊಂಡು, ಬೇರು, ಇರುವೆ ಮಾಡಿಟ್ಟ ಸಂದಿಯಲ್ಲಿ ಸಾವಕಾಶ ಒಳಗೆ ಹೋಗುತ್ತದೆ. ಈ ಜ್ಞಾನ ನನಗೆ ಎಲ್ಲ ಸುಟ್ಟ ಮೇಲೆ ಬಂತು.

ಪ್ರಾಯಶ್ಚಿತ್ತಕ್ಕೆಂದು ಸಮೀರವಾಡಿ ಕಡೆಯಿಂದ ಟ್ರ್ಯಾಕ್ಟರ್ ತುಂಬ ರವದಿ, ಅಂದರೆ ಕಬ್ಬಿನ ಒಣಗರಿ, ತರಿಸಿ ಮಡ್ಡಿಗೆ ಹರಡಿದೆ. ಆಮೇಲೆ ಮಡ್ಡಿ ಹತ್ತಬಾರದೆಂದು ವೈನಿ ತಾಕೀತು ಮಾಡಿದರು. ಮೂರು ಮಳೆಗಾಲ ಒಡ್ಡಿನ ಮೇಲೆ ಕೂತು, ತಂಗಡಿ ಚಿಗುರುವುದನ್ನು, ಹುಲ್ಲು ಅಡ್ಡಾದಿಡ್ಡಿ ಏಳುವುದನ್ನು ಹಲ್ಲು ಕಚ್ಚಿ ನೋಡಿದೆ. ಆ ತಪಸ್ಸಿನ ಕಷ್ಟ ನಿಮಗೆ ತಿಳಿಯದು ಬಿಡಿ.

ಈ ವರ್ಷ ಬಾವಿ ಅರ್ಧಕ್ಕೇರಿತು. ಅರಿಷಿಣ ಸೊಂಟಮಟ್ಟ ನಿಂತಿದೆ. ವೈನಿ ನೀರು ಸೇದಿ, ಮೊದಲ ಚರಿಗೆ ನನ್ನ ಕೈಗಿಟ್ಟರು.

"ಕುಡಿ. ಇದು ನೀ ಸುಮ್ಮ ಕುಂತ ಗಳಿಸಿದ ನೀರ."

ನಲವತ್ತು ವರ್ಷ ದುಡಿದದ್ದಕ್ಕೆ ಇಂಥ ಶಾಭಾಸ್‌ಗಿರಿ ನನಗೆ ಸಿಕ್ಕಿರಲಿಲ್ಲ.